ಒಂಬೈನೂರ ಹನ್ನೆರಡು ಜೋಡಿ

ಹೊಸಬ ಊರಾಮ್‌ನ ಕೋಷ್ಟಕದಲ್ಲಿ ತಪ್ಪು ಹುಡುಕುವ ಕೆಲಸ ತನಗೇ ಬಿತ್ತೆಂದು ತಿಳಿದಾಗ ಮಿರಾನ್‌ಗೆ ಮೊದಲು ಸಿಟ್ಟು ಬಂತು, ಆಮೇಲೆ ಖುಷಿಯಾಯಿತು. ಸಿಟ್ಟು ಒಂದು ನಿಮಿಷ ಇತ್ತು. ಖುಷಿ ಮುಂದಿನ ಗುರುವಾರದವರೆಗೂ ಉಳಿಯಿತು.

ಕೆಲಸ ಹಚ್ಚಿದವರು ತಂಡದ ಮುಖ್ಯಸ್ಥ ಚೋನ್. ಕಾಗದದ ಲೋಟಕ್ಕೆ ಕಾಫಿ ಪೊಟ್ಟಣ ಸುರಿದುಕೊಂಡು, ಖಾಲಿ ಪೊಟ್ಟಣವನ್ನೇ ಸುತ್ತಿ ಚಮಚ ಮಾಡಿಕೊಂಡು ಕಲಸುವ ಮನುಷ್ಯ. ಕಲಸುತ್ತಲೇ ಅವಳ ಮೇಜಿನ ಬಳಿ ಬಂದು ನಿಂತರು.

"ನಿನಗಿಂತ ಚೆನ್ನಾಗಿ ಇದನ್ನ ಯಾರು ನೋಡ್ತಾರಮ್ಮ? ಹನ್ನೊಂದು ವರ್ಷದಿಂದ ಇದನ್ನೇ ಸಾಕ್ಕೊಂಡು ಬಂದಿದೀಯ."

ಸಾಕಿದ್ದು ನಿಜ. ಕೊರಿಯಾದ ಇಚೋನ್ ಊರಿನ ಆ ಕಂಪನಿಯಿಂದ ಹೊರಬೀಳುವ ಪ್ರತಿಯೊಂದು ಮೆಮೊರಿ ಚಿಪ್‌ನ ಒಂದು ಮೂಲೆಯಲ್ಲಿ ಮಿರಾನ್‌ಳ ಕೋಷ್ಟಕವಿತ್ತು. ಕಡತದ ಹೆಸರೇ ಅವಳ ಹೆಸರು. ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ವಾರವೇ "ಮಿರಾನ್ ತೆಗೆದು ನೋಡು, ಮಿರಾನ್‌ನಲ್ಲಿ ನಲವತ್ತನೇ ಸಾಲು ಏನಿದೆ ಹೇಳು" ಎಂದು ಹಳಬರು ಪಾಠ ಮಾಡುತ್ತಿದ್ದರು. ಪಕ್ಕದಲ್ಲೇ ಕೂತಿರುತ್ತಿದ್ದ ಅವಳು ಕೇಳಿಸದವಳಂತೆ ಇರುತ್ತಿದ್ದಳು. ಎಲ್ಲಾ ಕೇಳಿಸುತ್ತಿತ್ತು.

ಮೆಮೊರಿಯ ಕೋಶಗಳು ಈಗ ಎಷ್ಟು ಸಣ್ಣವೆಂದರೆ ತಪ್ಪು ಮಾಡದೆ ಇರಲು ಅವುಗಳಿಂದ ಆಗುವುದಿಲ್ಲ. ಒಂದು ಎಂದು ಬರೆದಿಟ್ಟದ್ದು ಸೊನ್ನೆಯಾಗಿ ವಾಪಸು ಬರುತ್ತದೆ. ಅದಕ್ಕೇ ಪ್ರತಿ ನೂರಿಪ್ಪತ್ತೆಂಟು ಬಿಟ್‌ಗಳಿಗೆ ಎಂಟು ಕಾವಲು ಬಿಟ್‌ಗಳನ್ನು ಇಡುತ್ತಾರೆ. ಯಾವ ಕಾವಲುಗಾರ ಯಾವ ಯಾವ ಬಿಟ್‌ಗಳ ಮೇಲೆ ಕಣ್ಣಿಡಬೇಕು ಎಂಬ ಪಟ್ಟಿಯೇ ಕೋಷ್ಟಕ. ಒಂದು ಬಿಟ್ ಕೆಟ್ಟರೆ, ಎಂಟರಲ್ಲಿ ಯಾರು ಯಾರು ಕೂಗಿಕೊಂಡರು ಎಂಬುದನ್ನು ನೋಡಿ ಕೆಟ್ಟದ್ದು ಇಂಥದ್ದೇ ಎಂದು ಚಿಪ್ಪೇ ಕಂಡುಹಿಡಿದು ತಿರುಗಿಸಿ ಸರಿಮಾಡುತ್ತದೆ.

ತೊಂದರೆ ಇರುವುದು ಎರಡು ಒಟ್ಟಿಗೆ ಕೆಟ್ಟಾಗ. ಕೋಷ್ಟಕಕ್ಕೆ ಒಂದು ತಪ್ಪನ್ನು ತಿದ್ದಲು ಮಾತ್ರ ಬರುತ್ತದೆ, ಆದರೆ ತನಗೆ ಬರುವುದು ಅಷ್ಟೇ ಎಂದು ಅದಕ್ಕೆ ಗೊತ್ತಿಲ್ಲ. ಎರಡರ ಕೂಗು ಬೆರೆತು ಮೂರನೆಯದೊಂದರ ಕೂಗಿನ ಹಾಗೆ ಕೇಳಿಸಿದರೆ, ಏನೂ ತಪ್ಪು ಮಾಡದೆ ಸುಮ್ಮನಿದ್ದ ಆ ಮೂರನೇ ಬಿಟ್ಟನ್ನು ಹಿಂದುಮುಂದು ನೋಡದೆ ತಿರುಗಿಸಿಬಿಡುತ್ತದೆ. ಎರಡಿದ್ದ ತಪ್ಪು ಮೂರಾಗುತ್ತದೆ. ಇದನ್ನು ಪೂರ್ತಿ ತಪ್ಪಿಸಲಾಗದು. ಬಿಟ್‌ಗಳನ್ನು ಎಡ, ಬಲ ಎಂದು ಎರಡು ಅರ್ಧ ಮಾಡಿ, ಒಂದು ಅರ್ಧದಲ್ಲಿ ಎರಡು ಕೆಟ್ಟರೆ ಮೂರನೆಯದು ಇನ್ನೊಂದು ಅರ್ಧದಲ್ಲಿ ಬೀಳದಂತೆ ನೋಡಿಕೊಳ್ಳಬಹುದು, ಅಷ್ಟೇ. ಎಡಗಡೆಯ ಕೊಳೆ ಬಲಗಡೆಗೆ ಹರಿಯದಿದ್ದರೆ ಹೊರಗಿನ ಯಂತ್ರ ಉಳಿದದ್ದನ್ನು ಹೇಗೋ ಸಂಭಾಳಿಸುತ್ತದೆ. ಹರಿಯಿತೋ, ಎಲ್ಲೋ ಯಾರದೋ ಯಂತ್ರ ತಪ್ಪು ಲೆಕ್ಕವನ್ನು ಸರಿ ಎಂದು ಹೇಳುತ್ತದೆ.

ಈ ಅರ್ಧದ ನಿಯಮವನ್ನು ಪಾಲಿಸಿ ಮಿರಾನ್ ಕಟ್ಟಿದ ಕೋಷ್ಟಕಕ್ಕೆ ಏಳು ಮೆಟ್ಟಿಲು. ಅಂದರೆ ತಪ್ಪು ಯಾವುದೆಂದು ತಿಳಿಯಲು ವಿದ್ಯುತ್ತು ಏಳು ಹಂತ ದಾಟಬೇಕು. ಹಂತ ಕಡಿಮೆಯಾದಷ್ಟೂ ಚಿಪ್ ಚುರುಕು. ಆರಕ್ಕೆ ಇಳಿಸಲು ಅವಳು ನಾಲ್ಕು ವರ್ಷ ತಿಣುಕಿದಳು. ಕೊನೆಗೆ ಒಂದು ಟಿಪ್ಪಣಿ ಬರೆದಿಟ್ಟಳು: ಅರ್ಧದ ನಿಯಮ ಇರುವವರೆಗೆ ಆರು ಮೆಟ್ಟಿಲು ಸಾಧ್ಯವಿಲ್ಲ. ಅದರ ಕೆಳಗೆ ಅವಳ ಸಹಿ ಇದೆ.

ಬೆ ಊರಾಮ್ ಸೇರಿ ಐದು ತಿಂಗಳಾಗಿತ್ತು. ಇಪ್ಪತ್ತೊಂಬತ್ತು ವಯಸ್ಸು, ಮೊಕ್ಪೊ ಕಡೆಯವನು, ಹೆಸರಿಲ್ಲದ ಕಾಲೇಜಿನ ಗಣಿತ. ಚಿಪ್ಪಿನ ಕೆಲಸ ಬರದು, ಬರದು ಎಂದು ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಕ್ಯಾಂಟೀನಿನಲ್ಲಿ ಅನ್ನ ಬಡಿಸುವ ಹೆಂಗಸರು ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ತುಂಡು ಮೊಟ್ಟೆ ಸುರುಳಿ ಹಾಕುತ್ತಿದ್ದರು. ಹನ್ನೊಂದು ವರ್ಷದಲ್ಲಿ ಮಿರಾನ್‌ಗೆ ಒಂದು ದಿನವೂ ಹಾಕಿರಲಿಲ್ಲ. ಒಂದು ಮಧ್ಯಾಹ್ನ ಅವನು ವಾರದ ಊಟದ ಪಟ್ಟಿಯ ಹಿಂದೆ ಸೊನ್ನೆ ಒಂದುಗಳನ್ನು ಗೀಚಿಕೊಂಡು ಬಂದು ಅವಳಿಗೇ ತೋರಿಸಿದ್ದ.

"ಸೊನ್ಬೆ, ಇದು ಆರರಲ್ಲಿ ನಿಲ್ಲತ್ತೆ ಅನ್ಸತ್ತೆ. ಎಲ್ಲಾದ್ರೂ ದಡ್ಡತನ ಮಾಡಿದೀನಾ ನೋಡ್ತೀರಾ?"

ಸೊನ್ಬೆ ಅಂದರೆ ನಮಗಿಂತ ಮೊದಲು ಆ ದಾರಿಯಲ್ಲಿ ನಡೆದವರು. ಬೇರೆಯವರೆಲ್ಲ ಅವಳನ್ನು ಹುದ್ದೆಯ ಹೆಸರು ಹಿಡಿದು ಕರೆಯುತ್ತಿದ್ದರು, ಇವನೊಬ್ಬ ಸೊನ್ಬೆ ಎನ್ನುತ್ತಿದ್ದ. ಮುಂದೆ ನಡೆಯುವವಳು ಎಂದು ಹೇಳಿ ಹಿಂದಿನಿಂದ ಬಂದು ದಾಟಿಹೋಗುವುದು ಅವಳಿಗೆ ಹೊಡೆದ ಹಾಗಾಯಿತು. ಎರಡು ತಾಸು ಆ ಪಟ್ಟಿಯನ್ನು ನೋಡಿದಳು. ಹೇಗೆ ಹೊಳೆಯಿತು ಎಂದು ಕೇಳಿದಳು. ಸುಮ್ಮನೆ ಗುಂಪುಗಳನ್ನು ಬೇರೆ ಥರ ಕಟ್ಟಿ ನೋಡಿದೆ, ಬಸ್ಸಿನಲ್ಲಿ ಬರುವಾಗ, ಎಂದ.

ಬಸ್ಸಿನಲ್ಲಿ. ಅವಳು ಅದಕ್ಕಾಗಿ ಒಂದು ಮದುವೆ ಮಾತುಕತೆ ಕೈಬಿಟ್ಟಿದ್ದಳು, ಒಂದು ಕಣ್ಣಿನ ಪೊರೆಯ ಚಿಕಿತ್ಸೆಯನ್ನು ಎರಡು ಸಲ ಮುಂದೂಡಿದ್ದಳು.

ಈಗ ಆ ಊಟದ ಪಟ್ಟಿ ದೊಡ್ಡದಾಗಿ ಬೆಳೆದು ನಲವತ್ತು ಪುಟದ ದಾಖಲೆಯಾಗಿತ್ತು. ಗುರುವಾರದ ಸಭೆಯಲ್ಲಿ ನಿರ್ದೇಶಕರು ಒಪ್ಪಿದರೆ ಹೊಸ ಚಿಪ್ಪಿಗೆ ಊರಾಮ್‌ನ ಕೋಷ್ಟಕ, ಮಿರಾನ್ ಎಂಬ ಕಡತ ಹಳೆಯ ಕಪಾಟಿಗೆ. ಹೊಸ ದಾಖಲೆಯಲ್ಲಿ ಒಂದೇ ಒಂದು ಲೋಪ ದಾಖಲಾದರೂ ಮುಂದಿನ ಪೀಳಿಗೆಯ ಚಿಪ್ಪಿನವರೆಗೆ ಕಾಯಬೇಕು. ಅದು ಅಲ್ಲಿನ ಕಟ್ಟುನಿಟ್ಟು. ಮುಂದಿನ ಪೀಳಿಗೆ ಅಂದರೆ ಮೂರು ವರ್ಷ.

ಶುಕ್ರವಾರ ದಾಖಲೆ ಕೈಗೆ ಬಂತು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ಮಿರಾನ್ ಗೇಟಿನಲ್ಲಿ ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸಿಕೊಂಡು ಒಳಗೆ ಹೋದಳು. ಕಚೇರಿ ಖಾಲಿ. ಮೇಜಿನ ಕೆಳಗಿನ ಚಪ್ಪಲಿ ಮೆಟ್ಟಿಕೊಂಡು ಕೂತಳು. ಮುನ್ನುಡಿ, ಗುರಿ, ಕೃತಜ್ಞತೆ ಇವನ್ನೆಲ್ಲ ಓದುವ ತಾಳ್ಮೆ ಅವಳಿಗಿರಲಿಲ್ಲ. ಸೀದಾ ಒಂಬತ್ತನೇ ಪುಟದ ಕೋಷ್ಟಕ ತೆಗೆದು ತನ್ನ ಪರೀಕ್ಷಾ ಪ್ರೋಗ್ರಾಮಿಗೆ ಉಣಿಸಿದಳು. ಆ ಪ್ರೋಗ್ರಾಮು ಅವಳೇ ಹನ್ನೊಂದು ವರ್ಷದ ಹಿಂದೆ ಬರೆದದ್ದು, ಹಲ್ಲುಜ್ಜುವ ಬ್ರಷ್ಷಿನಂತೆ ಯಾರಿಗೂ ಕೊಟ್ಟದ್ದಲ್ಲ.

ಒಂದೊಂದು ಅರ್ಧದಲ್ಲಿ ಅರವತ್ನಾಲ್ಕು ಬಿಟ್. ಎರಡೆರಡಾಗಿ ಜೋಡಿಸಿದರೆ ಒಟ್ಟು ನಾಲ್ಕು ಸಾವಿರದ ಮೂವತ್ತೆರಡು ಜೋಡಿ. ಇವುಗಳಲ್ಲಿ ಯಾವ ಜೋಡಿ ಕೆಟ್ಟರೂ ಕೊಳೆ ಆಚೆ ಅರ್ಧಕ್ಕೆ ಹರಿಯಬಾರದು. ಪ್ರೋಗ್ರಾಮು ಓಡಿ ಮುಗಿದಾಗ ಪರದೆಯ ಮೇಲೆ ಬಂದ ಸಂಖ್ಯೆ: ಒಂಬೈನೂರ ಹನ್ನೆರಡು.

ಒಂದು ಕ್ಷಣ ಅವಳಿಗೇ ಇದು ಜಾಸ್ತಿಯಾಯಿತು ಅನ್ನಿಸಿತು. ಒಂದು, ಎರಡು, ಹೆಚ್ಚೆಂದರೆ ಹತ್ತು ತಪ್ಪು ಇರಬಹುದು. ನಾಲ್ಕರಲ್ಲಿ ಒಂದು ಪಾಲು ಜೋಡಿ ಕೆಟ್ಟಿದ್ದರೆ ಅದು ಕೋಷ್ಟಕವೇ ಅಲ್ಲ, ಯಾರೋ ಕಣ್ಣುಮುಚ್ಚಿ ಚೆಲ್ಲಿದ ಸೊನ್ನೆ ಒಂದುಗಳು. ಬೇರೆ ಯಾರದ್ದಾದರೂ ಆಗಿದ್ದರೆ ಮಿರಾನ್ ಮೊದಲು ತನ್ನ ಅಳತೆಪಟ್ಟಿಯನ್ನು ಅನುಮಾನಿಸುತ್ತಿದ್ದಳು. ಇದು ಊರಾಮ್‌ನದು. ಬಸ್ಸಿನಲ್ಲಿ ಹೊಳೆದದ್ದು. ಬಸ್ಸಿನಲ್ಲಿ ಹೊಳೆದದ್ದು ಹೀಗಲ್ಲದೆ ಇನ್ನು ಹೇಗಿರುತ್ತದೆ? ಅವಳು ಎದ್ದು ಹೋಗಿ ಕಾಫಿ ಮಾಡಿಕೊಂಡಳು. ಎರಡು ಪೊಟ್ಟಣ ಹಾಕಿದಳು.

ಹೀಗೇಕೆ ಎಂದು ಊರಾಮ್‌ಗೆ ಒಂದು ಸಾಲಿನ ಸಂದೇಶ ಕಳಿಸಿದ್ದರೆ ಸಾಕಿತ್ತು. ಕಳಿಸಲಿಲ್ಲ. ಮಂಗಳವಾರ ಊರಾಮ್ ತಾನೇ ಬಂದ, ಕೈಯಲ್ಲಿ ಕಿತ್ತಳೆ. ಅವನ ಅಮ್ಮ ಊರಿಂದ ಪೆಟ್ಟಿಗೆ ಕಳಿಸಿದ್ದಳಂತೆ.

"ಸೊನ್ಬೆ, ಏನಾದ್ರೂ ಸಿಕ್ತಾ?"

"ನೋಡ್ತಾ ಇದೀನಿ."

"ಬೈಯೋದಿದ್ರೆ ಈಗ್ಲೇ ಬೈದ್ಬಿಡಿ. ಸಭೇಲಿ ಆದ್ರೆ ನನ್ ಕಾಲು ನಡುಗತ್ತೆ."

"ನೋಡ್ತಾ ಇದೀನಿ ಅಂದ್ನಲ್ಲ."

ಅವನು ಕಿತ್ತಳೆ ಇಟ್ಟು ಹೋದ. ಅವಳು ಸುಲಿದು ತಿಂದಳು. ಸಿಹಿಯಾಗಿತ್ತು. ಅದಕ್ಕೂ ಉರಿಯಿತು.

ಗುರುವಾರ ಹತ್ತಕ್ಕೆ ಸಭೆ. ನಿರ್ದೇಶಕರು, ಚೋನ್, ಬೇರೆ ವಿಭಾಗಗಳವರು, ಪರೀಕ್ಷಾ ವಿಭಾಗದಿಂದ ಗುಕ್‌ಹ್ವಾ. ಗುಕ್‌ಹ್ವಾ ಮಿರಾನ್ ಸೇರಿದ ದಿನವೇ ಸೇರಿದವಳು. ಒಂದೇ ಬ್ಯಾಚಿನವರೆಂದರೆ ಅಲ್ಲಿ ಒಂದು ಬಗೆಯ ಒಡಹುಟ್ಟಿದವರೇ. ಊರಾಮ್ ತನ್ನ ಕೆಲಸವನ್ನು ಹದಿನೈದು ನಿಮಿಷದಲ್ಲಿ ವಿವರಿಸಿದ. ಆರು ಮೆಟ್ಟಿಲು ಎಂದಾಗ ನಿರ್ದೇಶಕರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಪರಿಶೀಲಕರು ಏನು ಹೇಳುತ್ತಾರೆ ಎಂದು ಚೋನ್ ಮಿರಾನ್ ಕಡೆ ತಿರುಗಿದರು.

ಅವಳು ಒಂದೇ ಪುಟ ತೋರಿಸಿದಳು. ಅದರ ಮೇಲೆ ಒಂದೇ ಸಂಖ್ಯೆ. ಎಡದಲ್ಲಿ ಮೂರು ಮತ್ತು ಹದಿನೆಂಟನೇ ಬಿಟ್ ಒಟ್ಟಿಗೆ ಕೆಟ್ಟರೆ ಕೊಳೆ ಬಲಗಡೆ ತೊಂಬತ್ತೊಂದಕ್ಕೆ ಹರಿಯುತ್ತದೆ, ಇದೊಂದು ಉದಾಹರಣೆ, ಇಂಥವು ಇನ್ನೂ ಒಂಬೈನೂರ ಹನ್ನೊಂದಿವೆ ಎಂದಳು. ದನಿ ನಡುಗದಂತೆ ಎರಡು ದಿನ ಅಭ್ಯಾಸ ಮಾಡಿದ್ದಳು, ನಡುಗಲಿಲ್ಲ.

ಊರಾಮ್ ಪರದೆಯನ್ನೇ ನೋಡುತ್ತಿದ್ದ. ಮೂರು, ಹದಿನೆಂಟು ಎಂದು ಅವನ ತುಟಿ ಅಲುಗಿತು. ಆಮೇಲೆ ಅವನು ಪರದೆ ಬಿಟ್ಟು ಅವಳ ಮುಖ ನೋಡಿದ. ಅವನಿಗೆ ಏನೋ ಅರ್ಥವಾಯಿತೆಂದು ಮಿರಾನ್‌ಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಅವನು ಎದ್ದು ನಿಂತು ತಲೆ ಬಾಗಿಸಿದ.

"ತಪ್ಪು ನಂದೇ. ಹೊಸ ಚಿಪ್ಪಲ್ಲಿ ಬೆಸ ಸಂಖ್ಯೆ ಬಿಟ್ಟುಗಳು ಎಡಕ್ಕೆ, ಸಮ ಸಂಖ್ಯೆಯವು ಬಲಕ್ಕೆ ಹೋಗಿವೆ. ಕೋಷ್ಟಕ ಆ ಜೋಡಣೆಗೆ ಮಾಡಿದ್ದು. ಅದನ್ನ ಬರೆದಿರೋ ಸಾಲು ನಾನು ನಿನ್ನೆ ಸೇರಿಸಿದ್ದು. ಸೊನ್ಬೆ ಹತ್ರ ಇರೋ ಪ್ರತೀಲಿ ಅದು ಇರಲ್ಲ. ಹಾಗಾಗಿ ಅವರು ಹಳೇ ಜೋಡಣೇಲೇ ನೋಡ್ಬೇಕಾಯ್ತು."

ಮಿರಾನ್‌ಳ ಕಿವಿ ಬಿಸಿಯಾಯಿತು. ಬೆಸ ಎಡಕ್ಕೆ, ಸಮ ಬಲಕ್ಕೆ. ಮಾರ್ಚ್‌ನಲ್ಲಿ ಎಲ್ಲರಿಗೂ ಸುತ್ತೋಲೆ ಬಂದಿತ್ತು. ಓದಿದೆ ಎಂದು ಅವಳೂ ಗುರುತು ಹಾಕಿದ್ದಳು. ಹಳೆಯ ಚಿಪ್ಪಿನಲ್ಲಿ ಮೊದಲ ಅರವತ್ನಾಲ್ಕು ಎಡಕ್ಕೆ, ಉಳಿದದ್ದು ಬಲಕ್ಕೆ. ಅವಳ ಪ್ರೋಗ್ರಾಮಿನ ಹೊಟ್ಟೆಯೊಳಗೆ ಇರುವುದು ಆ ಹಳೆಯ ಜೋಡಣೆ. ಅದು ಅಲ್ಲಿದೆ ಎಂಬುದೇ ಅವಳಿಗೆ ಮರೆತುಹೋಗುವಷ್ಟು ಹಳೆಯದು. ಹದಿನೆಂಟು ಈಗ ಎಡದಲ್ಲೇ ಇಲ್ಲ.

ಈಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ನಿರ್ದೇಶಕರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಕೋಷ್ಟಕ ಚೆನ್ನಾಗಿದೆ, ಆದರೆ ಪರಿಶೀಲಕರ ಕೈಗೆ ಅರೆಬರೆ ದಾಖಲೆ ಕೊಡುವುದು ಲೋಪವೇ, ಲೋಪ ಇದ್ದದ್ದು ಕಾಯಲಿ ಎಂದರು. ಹಳೆಯ ಕೋಷ್ಟಕವನ್ನೇ ಹೊಸ ಜೋಡಣೆಗೆ ಹೊಂದಿಸಿ ಬಳಸುವುದು. ನಡಾವಳಿ ಸಂಜೆ ಆರರೊಳಗೆ ಕಳಿಸಿ ಎಂದು ಮಿರಾನ್‌ಗೆ ಹೇಳಿ ಎದ್ದರು. ಅಲ್ಲಿ ನಡಾವಳಿ ಬರೆಯುವುದು ಪರಿಶೀಲಕರೇ.

ಊಟದ ನಂತರ ಎಲ್ಲರೂ ಬ್ರಷ್ಷು ಹಿಡಿದು ಕೈತೊಳೆಯುವ ಕೋಣೆಗೆ ಹೋಗುವುದು ಅಲ್ಲಿನ ವಾಡಿಕೆ. ಅರ್ಧ ಕಂಪನಿಯ ಸುದ್ದಿ ಹರಡುವುದು ಬಾಯಿತುಂಬ ನೊರೆ ಇಟ್ಟುಕೊಂಡೇ. ಮಿರಾನ್ ಉಜ್ಜುತ್ತಿದ್ದಾಗ ಪಕ್ಕದ ನಲ್ಲಿಗೆ ಗುಕ್‌ಹ್ವಾ ಬಂದಳು.

"ಇನ್ನು ಮೂರು ವರ್ಷ ಆಯುಸ್ಸು ಸಿಕ್ತಲ್ಲೇ ನಿನ್ ಕೋಷ್ಟಕಕ್ಕೆ. ಆ ಖುಷಿಗೆ ಹಂದಿಮಾಂಸ ಸುಡ್ಸು, ನಾವೂ ಬರ್ತೀವಿ."

ಮಿರಾನ್ ನೊರೆ ಉಗಿದು, ತಪ್ಪು ತಪ್ಪೇ ತಾನೇ ಎಂದಳು.

ಗುಕ್‌ಹ್ವಾ ಕನ್ನಡಿಯಲ್ಲೇ ಅವಳನ್ನು ನೋಡಿದಳು. "ನನ್ ಹತ್ರ ಬೇಡ ಕಣೇ. ನಮ್ ವಿಭಾಗಕ್ಕೂ ಶುಕ್ರವಾರವೇ ಪ್ರತಿ ಬಂದಿತ್ತು. ಮೊದಲನೇ ಪುಟ, ಮೂರನೇ ಸಾಲು. ದಪ್ಪ ಅಕ್ಷರದಲ್ಲಿ ಬರ್ದಿದಾನೆ ಪಾಪ."

ನಲ್ಲಿಯ ನೀರು ಹರಿಯುತ್ತಲೇ ಇತ್ತು.

"ಓದದೇ ಇದ್ದಿದ್ದು ಒಂದು, ಅವ್ನನ್ನ ಒಂದ್ ಮಾತು ಕೇಳದೇ ಇದ್ದಿದ್ದು ಇನ್ನೊಂದು. ಎರಡೂ ನಿಂದು. ತಿರುಗಿಸಿದ್ದು ಮಾತ್ರ ಮೂರನೇ ಬಿಟ್ಟನ್ನ." ಗುಕ್‌ಹ್ವಾ ತನ್ನ ಮಾತಿಗೆ ತಾನೇ ನಕ್ಕಳು. "ಒಳ್ಳೇ ಹುಡುಗ. ದೊಡ್ಡೋರ ಮುಂದೆ ನಿನ್ ಮಾನ ಉಳಿಸ್ದ."

"ಯಾರ್ಯಾರಿಗೆ ಗೊತ್ತು?"

"ನಮ್ ವಿಭಾಗದಲ್ಲಿ ಓದಕ್ಕೆ ಬರೋರಿಗೆಲ್ಲ."

ಮಿರಾನ್ ವಾಪಸು ಬಂದು ಶುಕ್ರವಾರದ ಪ್ರತಿ ತೆಗೆದಳು. ಮೊದಲನೇ ಪುಟ. ಮೂರನೇ ಸಾಲು. ದಪ್ಪ ಅಕ್ಷರ.

ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ ಎಂದಲ್ಲ, ಆದರೆ ಅದಕ್ಕಿಂತ ಮುಂಚೆ ಬೇರೇನೋ ಬಂತು. ಊರಾಮ್ ಆ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದ್ದ. ಹಿರಿಯರಿಗೆ ಎರಡೂ ಕೈಯಲ್ಲಿ ಲೋಟ ಕೊಟ್ಟಷ್ಟೇ ಸಲೀಸಾಗಿ. ಮೂರು ವರ್ಷ ಬಿಟ್ಟುಕೊಟ್ಟದ್ದು ಅವನಿಗೆ ಏನೂ ಅನ್ನಿಸಿದಂತಿರಲಿಲ್ಲ. ಹೊಳೆಯುವವನಿಗೆ ಇನ್ನೊಂದು ಬಸ್ಸಿನಲ್ಲಿ ಇನ್ನೊಂದು ಹೊಳೆಯುತ್ತದೆ, ಅವನು ಕೊಡಬಲ್ಲ. ತನ್ನ ಹತ್ತಿರ ಇರುವುದು ಒಂದೇ ಕೋಷ್ಟಕ, ಅದನ್ನು ತಾನು ಹಲ್ಲು ಕಚ್ಚಿ ಹಿಡಿದುಕೊಂಡಿದ್ದೇನೆ. ಅವನು ಲೆಕ್ಕದಲ್ಲಿ ತನಗಿಂತ ಚುರುಕು ಎಂಬುದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಮನಸ್ಸಿನಲ್ಲೂ ತನಗಿಂತ ದೊಡ್ಡವನು ಎಂಬುದನ್ನು ನುಂಗಲಾಗಲಿಲ್ಲ. ಇನ್ನು ಮೂರು ವರ್ಷ ಪ್ರತಿ ಚಿಪ್ಪಿನಲ್ಲೂ ಮಿರಾನ್ ಇರುತ್ತಾಳೆ, ಊರಾಮ್ ಇಟ್ಟುಕೋ ಎಂದದ್ದಕ್ಕೆ. ಹಲ್ಲುಜ್ಜುವಾಗಲೆಲ್ಲ ಯಾರಾದರೊಬ್ಬರು ಕನ್ನಡಿಯಲ್ಲಿ ನೋಡುತ್ತಾರೆ.

ನಡಾವಳಿಯನ್ನು ಅವಳು ಆಗಲೇ ಅರ್ಧ ಬರೆದಿದ್ದಳು. ಏಳನೇ ಸಾಲಿನಲ್ಲಿ "ಲೋಪ: ದಾಖಲೆ ಅಪೂರ್ಣ. ಹೊಣೆ: ಬೆ ಊರಾಮ್" ಎಂದಿತ್ತು. ನಾಲ್ಕು ಗಂಟೆಯವರೆಗೆ ಅದನ್ನು ನೋಡುತ್ತ ಕೂತಳು. ನಡುವೆ ಎರಡು ಸಲ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದಳು. ಮೂರು ವರ್ಷ ಅಂದರೆ ಕಡಿಮೆಯಲ್ಲ. ಮೂರು ವರ್ಷದಲ್ಲಿ ತನಗೂ ಏನಾದರೂ ಹೊಳೆಯಬಹುದು. ಹೊಳೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಐದೂವರೆಗೆ ಆ ಸಾಲು ಅಳಿಸಿದಳು. ಬರೆದಳು: "ಲೋಪ ಕೋಷ್ಟಕದಲ್ಲೂ ಇಲ್ಲ, ದಾಖಲೆಯಲ್ಲೂ ಇಲ್ಲ. ಹೊಸ ಜೋಡಣೆಯ ವಿವರ ಶುಕ್ರವಾರದ ಪ್ರತಿಯ ಮೊದಲನೇ ಪುಟದಲ್ಲೇ ಇತ್ತು. ಪರಿಶೀಲಕಿ ಓದದೆ ಹಳೆಯ ಜೋಡಣೆಯಲ್ಲಿ ಪರೀಕ್ಷಿಸಿದ್ದಾಳೆ. ಒಂಬೈನೂರ ಹನ್ನೆರಡೂ ಪರಿಶೀಲಕಿಯ ತಪ್ಪು." ಸಭೆಯಲ್ಲಿದ್ದವರಿಗೆ ಮಾತ್ರವಲ್ಲ, ವಿಭಾಗದ ಎಲ್ಲ ಅರವತ್ತು ಜನರಿಗೂ ಹೋಗುವಂತೆ ಹೆಸರು ಸೇರಿಸಿದಳು. ಕಳಿಸಿದಾಗ ಬೆನ್ನು ನೆಟ್ಟಗಾಯಿತು. ತಗೋ, ಎಂದು ಮನಸ್ಸಿನಲ್ಲೇ ಅಂದಳು.

ಮೊದಲು ಬಂದವರು ಚೋನ್. ಮುಗಿದುಹೋದ ಕತೆಯನ್ನು ಯಾಕಮ್ಮ ಕೆದಕಿದೆ, ಈಗ ನಿರ್ದೇಶಕರು ತೀರ್ಮಾನ ಬದಲಿಸಿದ್ದಾರೆ, ಹೊಸ ಚಿಪ್ಪಿಗೆ ಆ ಹುಡುಗನದೇ ಹೋಗುತ್ತದೆ ಎಂದು ಬೇಸರದಿಂದ ಹೇಳಿದರು. ಅವರ ಕೈಯಲ್ಲಿ ಲೋಟವಿರಲಿಲ್ಲ, ಅಷ್ಟು ಅವಸರದಲ್ಲಿ ಬಂದಿದ್ದರು. ಈ ವರ್ಷದ ನಿನ್ನ ಬಡ್ತಿಯ ಮಾತನ್ನು ಇನ್ನು ನಾನು ಎತ್ತುವ ಹಾಗಿಲ್ಲ ಎಂದೂ ಹೇಳಿ ಹೋದರು.

ಊರಾಮ್ ಬಂದಾಗ ಅವನ ಮುಖ ಕೆಂಪಾಗಿತ್ತು.

"ಯಾಕೆ ಹಾಗೆ ಬರೆದ್ರಿ, ಸೊನ್ಬೆ? ನಾನು ಹೇಳಿ ಆಗಿತ್ತಲ್ಲ."

"ನೀನು ಹೇಳಿದ್ದು ಸುಳ್ಳು."

"ಅಷ್ಟು ಜನರ ಮುಂದೆ ನಿಮ್ಮನ್ನ ನಾನು ಹೇಗೆ..."

"ನನ್ ತಪ್ಪನ್ನ ನೀನು ತಿದ್ದಬೇಡ. ಅದಕ್ಕೆ ನಿನ್ನ ಕೆಲಸಕ್ಕೆ ತಗೊಂಡಿಲ್ಲ."

ಅವನು ಮೆಲ್ಲಗೆ, ಕಡತಕ್ಕೆ ಹೆಸರು ಕೊಡಬೇಕಂತೆ, ಮಿರಾನ್ ಎರಡು ಎಂದು ಇಟ್ಟರೆ ಆಗುತ್ತದಾ, ಮೂಲ ನಿಯಮವೆಲ್ಲ ನಿಮ್ಮದೇ ತಾನೆ ಎಂದು ಕೇಳಿದ. ಅವನು ಅದನ್ನು ಮನಸಾರೆ ಕೇಳುತ್ತಿದ್ದ. ಅದು ಅವಳಿಗೆ ಕಾಣುತ್ತಿತ್ತು.

"ಊರಾಮ್ ಅಂತ ಇಡು," ಎಂದಳು. "ನಾಳೆ ಅದ್ರಲ್ಲಿ ಏನಾದ್ರೂ ಸಿಕ್ರೆ ಬೈಸ್ಕೊಳೋದು ನಿನ್ ಹೆಸರೇ ಆಗ್ಲಿ."

ಅವನು ನಕ್ಕ. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಇನ್ನೊಂದು ಕಿತ್ತಳೆ ಇಟ್ಟು ಹೋದ.

ಆರು ದಾಟಿತು, ಅಕ್ಕಪಕ್ಕದವರು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟರು. ಮಿರಾನ್ ತನ್ನ ಹಳೆಯ ಪ್ರೋಗ್ರಾಮು ತೆರೆದು ಜೋಡಣೆಯ ಸಾಲು ಹುಡುಕಿದಳು. ಬದಲಿಸಬೇಕಾದ್ದು ಒಂದೇ ಸಾಲು. ಬೆಸ ಎಡಕ್ಕೆ, ಸಮ ಬಲಕ್ಕೆ. ಓಡಿಸಿದಳು. ನಾಲ್ಕು ಸಾವಿರದ ಮೂವತ್ತೆರಡು ಜೋಡಿ ಮುಗಿದವು. ಪರದೆಯ ಮೇಲೆ ಸೊನ್ನೆ ಬಂತು.

ಇನ್ನೊಮ್ಮೆ ಓಡಿಸಿದಳು. ಸೊನ್ನೆಯೇ.

ಕಿತ್ತಳೆಯನ್ನು ಮೇಜಿನ ಖಾನೆಯೊಳಗೆ, ಕಣ್ಣಿಗೆ ಬೀಳದ ಕಡೆ ತಳ್ಳಿದಳು. ಆ ನೂರಿಪ್ಪತ್ತೆಂಟು ಬಿಟ್‌ಗಳಲ್ಲಿ ಒಂದು, ಎಂಟು ಕಾವಲು ಬಿಟ್‌ಗಳಲ್ಲಿ ಒಂದು ಒಟ್ಟಿಗೆ ಕೆಟ್ಟರೆ ಏನಾಗುತ್ತದೆ ಎಂದು ನಿಯಮ ಕೇಳುವುದಿಲ್ಲ, ಯಾರೂ ನೋಡಿರುವುದಿಲ್ಲ. ಅಂಥವು ಸಾವಿರದಿಪ್ಪತ್ನಾಲ್ಕು ಜೋಡಿ. ಅವಳು ದಾಖಲೆಯನ್ನು ಈ ಸಲ ಮೊದಲನೇ ಪುಟದ ಮೊದಲನೇ ಸಾಲಿನಿಂದ ಓದತೊಡಗಿದಳು. ಎಲ್ಲಾದರೂ ಒಂದು ತಪ್ಪು ಇರಲೇಬೇಕು.